ಟೇಬಲ್ ಮೇಲೆ ಕನ್ನಡ ಮಾತಾಡಿದ್ದಕ್ಕೆ ಒಂದು ರೌಂಡ್ ಪೆನಾಲ್ಟಿ, ಇದು ಸರೀನಾ?

ರಿವರ್_ರಾಜ
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಆಮೇಲೆ ಬೈರಿ. ಹೋದ ವಾರ ನಾನೂ ನನ್ನ ಹುಬ್ಳಿ ದೋಸ್ತೂ ಗೋವಾಗೆ ಹೋಗಿದ್ವಿ ಪೋಕರ್ ಟೂರ್ನಮೆಂಟ್ ಆಡೋಕೆ, 15 ಸಾವಿರ ಬೈ-ಇನ್ನು ಅಂದ್ರೆ ಪ್ರವೇಶದ ದುಡ್ಡು, ಯಾವ ಜಾಗ ಅಂತ ಹೇಳಲ್ಲ ಸುಮ್ನೆ ತಲೆನೋವು ಯಾಕೆ. ಎರಡನೇ ದಿನ ರಾತ್ರಿ ಹನ್ನೊಂದೂವರೆ ಹೊತ್ತಿಗೆ 29 ಜನ ಉಳ್ಕೊಂಡಿದ್ವಿ, 27 ಜನಕ್ಕೆ ದುಡ್ಡು. ಒಂದು ಟೇಬಲ್ ಒಡ್ದು ಜನಾನ ಹಂಚಿದಾಗ ನಾವಿಬ್ರೂ ಒಂದೇ ಟೇಬಲ್‌ಗೆ ಬಂದ್ವಿ, ಅದು ನಮ್ಮ ಕೈಲಿರಲಿಲ್ಲ, ಸೀಟ್ ಡ್ರಾದಲ್ಲಿ ಬಂದಿದ್ದು. ಬ್ಲೈಂಡು, ಅಂದ್ರೆ ಎಲೆ ನೋಡೋಕೆ ಮುಂಚೆ ಇಬ್ರು ಕಡ್ಡಾಯವಾಗಿ ಹಾಕೋ ಚಿಪ್ಪು, 4000-8000. ಪುಣೆಯಿಂದ ಬಂದಿದ್ದ ಒಬ್ರು ಅಂಕಲ್ಲು 26 ಸಾವಿರ ಚಿಪ್ ಇಟ್ಕೊಂಡು ಉಸಿರು ಬಿಗಿ ಹಿಡ್ಕೊಂಡು ಕೂತಿದ್ರು, ಆಲ್-ಇನ್ ಅಂದ್ರು, ಇದ್ದದ್ದೆಲ್ಲ ಹಾಕ್ಬಿಟ್ರು. ನಾನು ಬಟನ್ ಸೀಟಿಂದ ಕಾಲ್ ಮಾಡ್ದೆ, ಅಂದ್ರೆ ಅಷ್ಟೇ ಚಿಪ್ ಹಾಕ್ದೆ, ದೋಸ್ತು ಬಿಗ್ ಬ್ಲೈಂಡಲ್ಲಿದ್ದ ಅವ್ನೂ ಕಾಲ್ ಮಾಡ್ದ. ಫ್ಲಾಪ್, ಅಂದ್ರೆ ಎಲ್ರಿಗೂ ಸೇರಿದ ಮೊದಲ ಮೂರು ಎಲೆ, ಬಿದ್ಮೇಲೆ ದೋಸ್ತು ನನ್ ಕಡೆ ತಿರುಗಿ ಕನ್ನಡದಲ್ಲಿ ಏನೋ ಒಂದು ಮಾತು ಅಂದ, ನಾನು ಹ್ಞೂಂ ಅಂದೆ. ಅಷ್ಟೇ ಸ್ವಾಮಿ ಆಗಿದ್ದು.

ಡೀಲರ್ ಹುಡುಗಿ ತಕ್ಷಣ ಕೈ ಎತ್ತಿ ಫ್ಲೋರ್ ಅಂತ ಕೂಗಿದ್ಲು. ಫ್ಲೋರ್ ಮ್ಯಾನೇಜರ್ ಬಂದು ನಿಂತ್ಕೊಂಡು ಹ್ಯಾಂಡ್ (ಒಂದು ಸಲ ಎಲೆ ಹಂಚಿದ ಆಟ) ಮುಗಿಯೋವರೆಗೂ ನೋಡ್ದ, ಅಂಕಲ್ ಔಟ್ ಆದ್ರು, ಆಮೇಲೆ ನಮ್ಮಿಬ್ರಿಗೂ ಒಂದೊಂದು ರೌಂಡ್ ಪೆನಾಲ್ಟಿ. 28 ಜನ ಇದ್ದಾಗ, ಇನ್ನೊಬ್ರು ಹೋದ್ರೆ ಎಲ್ರಿಗೂ ದುಡ್ಡು ಅನ್ನೋ ಟೈಮಲ್ಲಿ, 9 ಹ್ಯಾಂಡು ಹೊರಗೆ ನಿಂತು ನನ್ನ ಚಿಪ್ಪು ಕರಗೋದನ್ನ ನೋಡ್ಕೊಂಡೆ. ಬಿಗ್ ಬ್ಲೈಂಡ್ 8000, ಆಂಟೆ ಅನ್ನೋ ಇನ್ನೊಂದು ಕಡ್ಡಾಯ ಚಿಪ್ಪು 8000, ಸ್ಮಾಲ್ ಬ್ಲೈಂಡ್ 4000, ಒಟ್ಟು 20 ಸಾವಿರ ಎಲೆ ಮುಟ್ಟದೇ ಹೋಯ್ತು. ಅದೇ ಟೇಬಲ್‌ನಲ್ಲಿ ಇಬ್ರು ಡೆಲ್ಲಿ ಹುಡುಗ್ರು ಸಂಜೆಯಿಂದ ಹಿಂದಿಯಲ್ಲಿ ಹರಟೆ ಹೊಡೀತಿದ್ರು, ಅವ್ರಿಗೆ ಯಾರೂ ಏನೂ ಅನ್ಲಿಲ್ಲ. ಹಿಂದಿ ಆದ್ರೆ ಸರಿ ಕನ್ನಡ ಆದ್ರೆ ಮೋಸಾನಾ? ಇದಕ್ಕೆ ಕಂಪ್ಲೇಂಟ್ ಕೊಡೋ ದಾರಿ ಏನಾದ್ರೂ ಇದೆಯಾ ಗೊತ್ತಿರೋರು ಹೇಳಿ.

ಕನ್ನಡಿಗ_1956
ಬಿಡ್ಬೇಡಿ ಗುರು ಇದನ್ನ. ಗೋವಾದ ಕ್ಯಾಸಿನೋ ಹಡಗಿನಲ್ಲಿ ಅರ್ಧ ಜನ ಬೆಂಗ್ಳೂರು ಬೆಳಗಾವಿಯವ್ರೇ, ದುಡ್ಡು ನಮ್ದು ಬೇಕು ಭಾಷೆ ಬೇಡ. ಜಾಗದ ಹೆಸ್ರು ಹಾಕಿ, ಮಿಕ್ಕಿದ್ದು ನಾವ್ ನೋಡ್ಕೋತೀವಿ.

ಮಾಡರೇಟರ್
ಜಾಗದ ಹೆಸ್ರು ಯಾರೂ ಹಾಕ್ಬೇಡಿ ಪ್ಲೀಸ್. ಇದು ಆಟದ ನಡತೆ ಬಗ್ಗೆ ಚರ್ಚೆ, ಹಾಗೇ ಇರ್ಲಿ.

ಚಿಪ್_ಮತ್ತು_ಚೇರ್
ಕೋಪ ಅರ್ಥ ಆಗತ್ತೆ ಆದ್ರೆ ಮೊದ್ಲು ನಿಯಮ ನೋಡೋಣ. ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ ಅಂತ ಇದೆ, ಟಿಡಿಎ ಅಂತಾರೆ, 2001ರಲ್ಲಿ ಶುರುವಾಗಿದ್ದು, ಅದಕ್ಕೂ ಮುಂಚೆ ಒಂದೊಂದು ಕ್ಯಾಸಿನೋದಲ್ಲಿ ಒಂದೊಂದು ಕಾನೂನು, ಇಲ್ಲಿ ಸರಿ ಅನ್ನಿಸಿದ್ದು ಅಲ್ಲಿ ತಪ್ಪು. ಈಗ ನಮ್ಮಲ್ಲಿನ ದೊಡ್ಡ ಟೂರ್ನಮೆಂಟ್‌ಗಳೂ ಬಹುತೇಕ ಅದನ್ನೇ ಹಿಡ್ಕೊಂಡಿವೆ. ಭಾಷೆ ಬಗ್ಗೆ ಅದ್ರಲ್ಲಿ ಇರೋದು ಇಷ್ಟು, ಅಮೆರಿಕಾದಲ್ಲಿ ಹ್ಯಾಂಡ್ ನಡೀತಿರುವಾಗ ಇಂಗ್ಲಿಷ್ ಮಾತ್ರ, ಬೇರೆ ದೇಶಗಳಲ್ಲಿ ಇಂಗ್ಲಿಷ್ ಜೊತೆಗೆ ಅಲ್ಲಿನ ಭಾಷೆ, ಯಾವ್ಯಾವ ಭಾಷೆ ಅಂತ ಬೋರ್ಡ್ ಹಾಕಿರ್ಬೇಕು. ಗಮನಿಸಿ, ಹ್ಯಾಂಡ್ ನಡೀತಿರುವಾಗ. ಎಲೆ ಹಂಚೋಕೆ ಮುಂಚೆ ನೀವು ತುಳು ಕೊಡವ ಏನ್ ಬೇಕಾದ್ರೂ ಮಾತಾಡಿ ಯಾರೂ ಕೇಳಲ್ಲ.

ಡೆಲ್ಲಿ ಹುಡುಗ್ರು ಹಿಂದಿ ಮಾತಾಡಿದ್ದು ಅವ್ರ ಕೈಲಿ ಎಲೆ ಇದ್ದಾಗಾನಾ ಫೋಲ್ಡ್ ಮಾಡ್ಮೇಲಾ? ಬೋರ್ಡಲ್ಲಿ ಹಿಂದಿ ಇತ್ತಾ?

ಮಂಡ್ಯ_ಎಕ್ಕ
ಗೋವಾದಲ್ಲಿ ಅಲ್ಲಿನ ಭಾಷೆ ಅಂದ್ರೆ ಕೊಂಕಣಿ ಕಣ್ರಪ್ಪ. ತಮಾಷೆ ಏನಂದ್ರೆ 2020ರ ಫೆಬ್ರವರಿಯಿಂದ ಗೋವಾದವ್ರಿಗೇ ಕ್ಯಾಸಿನೋ ಒಳಗೆ ಆಡೋಕೆ ಬುಡಲ್ಲ. ಸ್ಥಳೀಯ ಭಾಷೆ ಮಾತಾಡ್ಬೋದು, ಮಾತಾಡೋ ಸ್ಥಳೀಯರು ಒಳಗೆ ಬರಂಗಿಲ್ಲ 😂

ಸ್ಯಾನ್‌ಹೊಸೆ_ಸೀನ
ನನ್ನ ಅನುಭವ ಹೇಳ್ತೀನಿ. ನಾನು ವೇಗಸ್‌ನಲ್ಲಿ ಪೋಕರ್‌ನ ದೊಡ್ಡ ಹಬ್ಬ ವರ್ಲ್ಡ್ ಸೀರೀಸ್ ಟೈಮಲ್ಲಿ ಚಿಕ್ಕ ಇವೆಂಟ್‌ಗಳನ್ನ ಆಡ್ತೀನಿ, ಮೇನ್ ಇವೆಂಟ್ 10,000 ಡಾಲರ್ ಅಷ್ಟು ದಮ್ಮು ನಂಗಿಲ್ಲ. ಒಂದ್ಸಲ ಊರಿಂದ ಅಮ್ಮನ ಫೋನ್ ಬಂತು, ಎಲೆ ಕೈಲಿತ್ತು, ನೋಡಿರ್ಲೂ ಇಲ್ಲ ಅದನ್ನ, ಫೋನೆತ್ತಿ "ಅಮ್ಮಾ ಆಮೇಲ್ ಮಾಡ್ತೀನಿ" ಅಂದೆ, ಅಷ್ಟಕ್ಕೇ ಡೀಲರ್ ನನ್ನ ಎಲೆ ಎಳ್ಕೊಂಡು ಹ್ಯಾಂಡ್ ಡೆಡ್ ಅಂದ, ಜೊತೆಗೆ ಇಂಗ್ಲಿಷ್ ಓನ್ಲಿ ಅಂತ ಒಂದು ಬುದ್ಧಿವಾದ. ಪಕ್ಕದ ಚೀನೀ ತಾತಪ್ಪ ನಕ್ಕು ಅವ್ರಿಗೂ ಹಿಂದಿನ ದಿನ ಅದೇ ಆಗಿತ್ತು ಅಂದ್ರು. ಅಲ್ಲಿ ಸ್ಪ್ಯಾನಿಷ್ ಚೈನೀಸ್ ಕನ್ನಡ ಎಲ್ಲಕ್ಕೂ ಒಂದೇ ಏಟು. ಕನ್ನಡಕ್ಕೆ ಅವಮಾನ ಅಂತ ನಂಗೆ ಅನ್ನಿಸ್ಲಿಲ್ಲ, ಅಮ್ಮಂಗೆ ಹೇಳಿದ್ದಕ್ಕೆ ಅವ್ರೇ ಬೈದ್ರು, ಆಟದ ಮಧ್ಯ ಫೋನ್ ಯಾಕೋ ಎತ್ತಿದೆ ಅಂತ.

ಅಂದಂಗೆ ನಿಮ್ಮ ದೋಸ್ತು ಅಂದಿದ್ದೇನು ರಾಜ ಅವ್ರೇ? "ಏನೋ ಒಂದು ಮಾತು" ಅಂತ ಬರ್ದಿದೀರ. ಬ್ಲೈಂಡು ಆಂಟೆ ಲೆಕ್ಕ ಎಲ್ಲ ಸಾವಿರ ಸಾವಿರ ನೆನಪಿದೆ, ಆ ಮಾತು ಮಾತ್ರ ನೆನಪಿಲ್ವಾ 🙂

ರಿವರ್_ರಾಜ
ಊಟದ ವಿಷಯ ಇರ್ಬೇಕು, ಲೇಟಾಗಿತ್ತಲ್ಲ.

ಕನ್ನಡಿಗ_1956
ಊಟದ ವಿಷಯ ಮಾತಾಡಿದ್ರೂ ಪೆನಾಲ್ಟಿ ಅಂತೆ. ಕೇಳಿದ್ರಾ.

ಕಾರವಾರದ_ಹುಡುಗ
ನಾನು ಆರು ವರ್ಷದಿಂದ ಗೋವಾದಲ್ಲಿ ಡೀಲರ್ ಕೆಲ್ಸ ಮಾಡ್ತಾ ಇದ್ದೇನೆ ಮಾರಾಯ್ರೆ, ಆ ಕಡೆಯಿಂದ ಒಂದು ಮಾತು ಕೇಳಿ. ಡೀಲರ್ ಫ್ಲೋರ್ ಕರೆಯೋದು ಸಿಟ್ಟಿನಿಂದ ಅಲ್ಲ. ಎಲೆ ಕೈಲಿರೋ ಇಬ್ರು ನಮ್ಗೆ ಗೊತ್ತಿಲ್ಲದ ಭಾಷೇಲಿ ಮಾತಾಡಿದ್ರೆ, ಮಿಕ್ಕ ಏಳು ಜನ ನಮ್ಮ ಮುಖ ನೋಡ್ತಾರೆ, ನೀನು ಯಾಕೆ ಸುಮ್ನಿದ್ದೀಯ ಅಂತ. ಸುಮ್ನಿದ್ರೆ ನಾವೂ ಅವ್ರ ಜೊತೆ ಸೇರಿದ್ದೇವೆ ಅಂತಾರೆ. ನಂಗೆ ಕನ್ನಡ ಕೊಂಕಣಿ ಹಿಂದಿ ಮೂರೂ ಬರ್ತದೆ, ಆದ್ರೂ ನಾನು ಕನ್ನಡದವ್ರನ್ನ ಮೊದ್ಲು ತಡೀತೇನೆ, ಯಾಕಂದ್ರೆ ನನ್ನ ಹೆಸ್ರ ಪಟ್ಟಿ ನೋಡಿ ಊರು ಯಾವ್ದು ಅಂತ ಕೇಳಿ ಕನ್ನಡದಲ್ಲಿ ಶುರು ಮಾಡ್ತಾರೆ, ಪಕ್ಕದವ್ರು ಡೀಲರ್ ಇವನ ಊರವನು ಅಂತ ಗೊಣಗ್ತಾರೆ.

ಭಾಷೆಗಿಂತ ದೊಡ್ಡ ಮರ್ಯಾದೆ ವಿಷಯ ಬೇರೆ ಉಂಟು, ಅದು ಯಾರೂ ಬರೆಯೋದಿಲ್ಲ. ಸೋತವ್ರು ಎಲೆಯನ್ನ ನಮ್ಮ ಮೇಲೆ ಎಸೀತಾರೆ. ಪ್ಲಾಸ್ಟಿಕ್ ಎಲೆ ಅಂಚು ಕಣ್ಣ ಹತ್ರ ತಾಗಿದ್ರೆ ಹೇಗಿರ್ತದೆ ಗೊತ್ತುಂಟಾ? ಒಬ್ಬ ಮನುಷ್ಯ ನಾನು ಹಾಕಿದ ಕೊನೆಯ ಎಲೆಗೆ ಸೋತು ನನ್ನ ಅಪ್ಪನವರೆಗೂ ಬೈದ, ಎಲೆ ಕಲಸೋದು ಯಂತ್ರ, ನಾನು ಮೇಲಿಂದ ಹಾಕೋದಷ್ಟೇ. ಅರ್ಧ ಗಂಟೆಗೆ ಡೀಲರ್ ಬದಲಾಗ್ತಾರೆ, ನಾನು ಎದ್ದು ಹೋಗುವಾಗ ಟೇಬಲ್ ಎಲ್ಲ ಹಾಳಾದ್ ಡೀಲರ್ ಹೋದ ಅಂತ ಚಪ್ಪಾಳೆ ತಟ್ಟಿತು. ಮರುದಿನ ಅದೇ ಮನುಷ್ಯ ಬಂದು ಬ್ರದರ್ ನಿನ್ನೆ ಕುಡಿದಿದ್ದೆ ಅಂದ. ಇಂಥದ್ದಕ್ಕೂ ಪೆನಾಲ್ಟಿ ಉಂಟು ಕಾನೂನಲ್ಲಿ, ಫ್ಲೋರ್‌ನವ್ರು ದೊಡ್ಡ ಗಿರಾಕಿ ಅಂತ ಕಣ್ಣು ಮುಚ್ಚಿಕೊಳ್ತಾರೆ ಅಷ್ಟೇ.

ರಾಣಿ_ಜೋಡಿ
ಡೀಲರ್ ಅಣ್ಣ ಹೇಳಿದ್ದು ನೂರಕ್ಕೆ ನೂರು. ನಾನು ಬೆಂಗ್ಳೂರಲ್ಲಿ ಆಡೋದು, ಸಾಮಾನ್ಯವಾಗಿ ಟೇಬಲ್‌ಗೆ ಒಬ್ಳೇ ಹೆಂಗಸು. ಬೈಯೋರು ಇದಾರೆ ಅವ್ರನ್ನ ಹೇಗೋ ನಿಭಾಯಿಸ್ಬೋದು, ನಂಗೆ ಮೈ ಉರಿಯೋದು ಮರ್ಯಾದೆ ತೋರ್ಸೋರ್ನ ನೋಡಿದ್ರೆ. ರಿವರ್‌ನಲ್ಲಿ ಅಂದ್ರೆ ಕೊನೇ ಎಲೆ ಬಿದ್ಮೇಲೆ, ಸ್ಟ್ರೇಟ್‌ನಂಥ ದೊಡ್ಡ ಎಲೆ ಇಟ್ಕೊಂಡು ಬೆಟ್ ಹಾಕ್ದೇ ಚೆಕ್ ಮಾಡಿ, ಎಲೆ ತೋರ್ಸಿ, "ಮೇಡಂ ನೀವು ಅಂತ ಬಿಟ್ಟೆ" ಅಂತಾರೆ. ಯಾರ್ ಕೇಳಿದ್ರು ನಿಂಗೆ ಬಿಡು ಅಂತ? ನಾನು ಬೈ-ಇನ್ ಕಟ್ಟಿಲ್ವಾ? ಮತ್ತೆ ಟೇಬಲ್‌ನಲ್ಲಿರೋ ಬೇರೆಯವ್ರ ಗತಿ ಏನು, ಅವ್ರ ಹತ್ರ ಕಿತ್ಕೊಂಡು ನಂಗೆ ದಾನ ಮಾಡೋಕೆ ನೀನ್ಯಾರು? ಒಂದ್ಸಲ ನಾನೇ ಫ್ಲೋರ್ ಕರ್ದೆ, ಇವ್ರು ನನ್ನ ಜೊತೆ ಸಾಫ್ಟ್ ಪ್ಲೇ ಮಾಡ್ತಿದಾರೆ ಪೆನಾಲ್ಟಿ ಕೊಡಿ ಅಂತ. ಆ ಮನುಷ್ಯ ಬೆವ್ತೋದ್ರು, ಒಳ್ಳೇದು ಮಾಡಿದ್ರೆ ಹೀಗಾ ಅಂತ. ಇವತ್ತಿಗೂ ಮಾತಾಡ್ಸಲ್ಲ ನನ್ನ.

2016ರ ವರ್ಲ್ಡ್ ಸೀರೀಸ್ ಮೇನ್ ಇವೆಂಟ್ ಟಿವಿಲಿ ನೋಡಿರೋರಿಗೆ ನೆನಪಿರತ್ತೆ, ಇಂಗ್ಲೆಂಡಿನ ವಿಲ್ ಕಸೂಫ್ ಮಾತಾಡಿ ಮಾತಾಡಿ ತಲೆ ತಿಂದು ಸ್ಟೇಸಿ ಮಟುಸನ್ ಕೈಲಿ ರಾಣಿ ಜೋಡಿ ಫೋಲ್ಡ್ ಮಾಡಿಸ್ದ, ಅವನ ಕೈಲಿದ್ದಿದ್ದು ಒಂಬತ್ತು ಹೈ, ಅಂದ್ರೆ ಜೋಡಿನೂ ಇಲ್ಲದ ಎಲೆ. ಜನ ಅದನ್ನ ಮೀಮ್ ಮಾಡಿ ಕುಣಿದ್ರು. ನನ್ನ ಹೆಸ್ರು ಯಾಕೆ ಇದು ಅಂತ ಈಗ ಗೊತ್ತಾಯ್ತಲ್ಲ. ಆದ್ರೂ ನೋಡಿ, ನಂಗೆ ಕಸೂಫ್ ಮೇಲೆ ಇರೋ ಸಿಟ್ಟು ಆ "ಬಿಟ್ಟೆ ಮೇಡಂ" ಮನುಷ್ಯನ ಮೇಲೆ ಇರೋದಕ್ಕಿಂತ ಕಮ್ಮಿ. ಅವನು ಕನಿಷ್ಠ ಎದುರಾಳಿ ಅಂತ ಲೆಕ್ಕಕ್ಕಾದ್ರೂ ಇಟ್ಟ.

ಮಂಡ್ಯ_ಎಕ್ಕ
ಆ ಕಸೂಫ್ ಕೊನೆಗೆ ರಾಜ ಜೋಡಿ ಇಟ್ಕೊಂಡು ಎಕ್ಕ ಜೋಡಿಗೆ ಸಿಕ್ಕಾಕೊಂಡು 17ನೇ ಜಾಗದಲ್ಲಿ ಹೋದ ಅಲ್ವಾ, ಬಾಯಿ ಆಗ ಮುಚ್ತು.

ನಂಗೆ ಅರ್ಥ ಆಗ್ದೇ ಇರೋದು ಒಂದೈತೆ. ನಮ್ಮೂರಲ್ಲಿ ಯುಗಾದಿಗೆ ಹೊಸತೊಡಕಿಗೆ ಎಲೆ ಹಾಕ್ತೀವಿ, ಅಲ್ಲಿ ಆಡೋರು ಆರು ಜನ ಆದ್ರೆ ಹಿಂದೆ ಕೂತು ಎಲೆ ನೋಡೋರು ಹನ್ನೆರಡು ಜನ. ಹಿಂದಿನವ್ನು ಕೆಮ್ಮಿದ್ರೆ ಒಂದರ್ಥ, ಬೀಡಿ ಹಚ್ಚಿದ್ರೆ ಒಂದರ್ಥ. ಅಣ್ಣತಮ್ಮ ಎದುರುಬದುರು ಕೂತ್ರೆ ತಮ್ಮನ್ನ ಪೂರ್ತಿ ತೊಳೆಯಲ್ಲ, ಸೋತೋನಿಗೆ ರಾತ್ರಿ ಬಾಡೂಟಕ್ಕೆ ದುಡ್ಡು ವಾಪಸ್ ಕೊಟ್ಟು ಕಳಿಸ್ತಾರೆ. ಅದನ್ನ ನಾವು ಒಳ್ಳೆತನ ಅಂತೀವಿ. ಇಲ್ಲಿ ಅದೇ ಮಾಡಿದ್ರೆ ಮೋಸ ಅಂತೀರ. ಯಾವ್ದು ಸರಿ?

ಚಿಪ್_ಮತ್ತು_ಚೇರ್
ಎಕ್ಕಣ್ಣ ಇದು ಈ ಚರ್ಚೇಲಿ ಬಂದಿರೋ ಅತ್ಯುತ್ತಮ ಪ್ರಶ್ನೆ, ಸುಮ್ನೆ ಹೇಳ್ತಿಲ್ಲ. ನಿಮ್ಮೂರ ಆಟದಲ್ಲಿ ತಮ್ಮನ್ನ ಬಿಟ್ರೆ ನಷ್ಟ ಅಣ್ಣಂಗೆ, ಅವನ ದುಡ್ಡು ಅವನಿಷ್ಟ. ಟೂರ್ನಮೆಂಟ್‌ನಲ್ಲಿ ಚಿಪ್ಪು ದುಡ್ಡಲ್ಲ. ಒಬ್ಬ ಇನ್ನೊಬ್ಬನ್ನ ಉಳಿಸಿದ್ರೆ ಆ ಉಳಿದವ್ನು ಮುಂದೆ ಯಾರೋ ಮೂರನೆಯವ್ನ ಮೇಲೆ ಹತ್ತಿ ಪ್ರೈಜ್ ತಗೋತಾನೆ, ಆ ಮೂರನೆಯವ್ನು ಬೇರೆ ಟೇಬಲ್‌ನಲ್ಲಿ ಕೂತಿರ್ತಾನೆ, ಅವ್ನಿಗೆ ನಿಮ್ಮಿಬ್ರ ಸ್ನೇಹ ಗೊತ್ತೂ ಇರಲ್ಲ. ನನ್ನ ಜೇಬಿಂದ ಕೊಟ್ರೆ ದಾನ, ಪಕ್ಕದ ಟೇಬಲ್‌ನವ್ನ ಜೇಬಿಂದ ಕೊಟ್ರೆ ಏನಂತಾರೆ ನೀವೇ ಹೇಳಿ. ಅದಕ್ಕೇ ಟಿಡಿಎ ಪುಸ್ತಕದಲ್ಲಿ ಪೋಕರ್ ಒಬ್ಬೊಬ್ಬರ ಆಟ ಅಂತ ಬರ್ದು ಸಾಫ್ಟ್ ಪ್ಲೇಗೆ ಪೆನಾಲ್ಟಿ, ಬೇಕಾದ್ರೆ ಚಿಪ್ ಕಿತ್ಕೊಳ್ಳೋದು, ಡಿಸ್‌ಕ್ವಾಲಿಫೈ ಮಾಡೋದು ಎಲ್ಲ ಇಟ್ಟಿದಾರೆ.

2025ರ ಜೂನ್‌ನಲ್ಲಿ ವೇಗಸ್‌ನಲ್ಲೇ ಆಯ್ತಲ್ಲ. 1,500 ಡಾಲರ್‌ನ ಮಿಲಿಯನೇರ್ ಮೇಕರ್, ಕೊನೆಗೆ ಇಬ್ರು ಉಳಿದ್ರು, ಅದ್ರಲ್ಲಿ ಒಬ್ಬ ಗೆದ್ರೆ ಅವ್ನಿಗೆ ಬೇರೆ ಒಂದು ಕಂಪನಿಯ ಪ್ರಮೋಷನ್‌ನಿಂದ ಇನ್ನೂ 10 ಲಕ್ಷ ಡಾಲರ್ ಸಿಗೋದಿತ್ತು, ಇನ್ನೊಬ್ಬನಿಗೆ ಸಿಗ್ತಿರ್ಲಿಲ್ಲ. ಇನ್ನೊಬ್ಬನ ಹತ್ರ ಬೆಟ್ಟದಷ್ಟು ಚಿಪ್ಪಿತ್ತು, ನೋಡ್ತಾ ನೋಡ್ತಾ ಎಲ್ಲ ಈ ಕಡೆ ಹರಿದು ಬಂತು, ಆಡಿದ ರೀತಿ ನೋಡಿ ಲೈವ್ ನೋಡ್ತಿದ್ದ ಜನ ಅಲ್ಲೇ ಕೂಗಾಡೋಕೆ ಶುರು ಮಾಡಿದ್ರು. ವರ್ಲ್ಡ್ ಸೀರೀಸ್‌ನವ್ರು ಗೆದ್ದವ್ರು ಯಾರೂ ಇಲ್ಲ ಅಂತ ತೀರ್ಮಾನ ಮಾಡಿ, ಉಳಿದ ದುಡ್ಡು ಇಬ್ರಿಗೂ ಸಮ ಹಂಚಿ, ಗೆದ್ದವ್ರಿಗೆ ಕೊಡೋ ಬ್ರೇಸ್ಲೆಟ್ ಯಾರಿಗೂ ಕೊಡ್ಲಿಲ್ಲ. ಸಾವಿರಾರು ಜನ ಆಡಿದ ಟೂರ್ನಮೆಂಟು, ವಿಜೇತರೇ ಇಲ್ಲ.

ಸ್ಯಾನ್‌ಹೊಸೆ_ಸೀನ
ಹಿಂದೆ ಕೂತು ಎಲೆ ನೋಡೋರ ವಿಷಯ ಬಂತಲ್ಲ, ಅದೂ ದೊಡ್ಡ ಮಟ್ಟದಲ್ಲಿ ಆಗಿದೆ. 2024ರ ಮೇನ್ ಇವೆಂಟ್ ಜೊನಾಥನ್ ಟಮಾಯೊ ಗೆದ್ದಾಗ, 1 ಕೋಟಿ ಡಾಲರು, ಅವನ ಸ್ನೇಹಿತರು ಬೇಲಿ ಆಚೆ ಲ್ಯಾಪ್‌ಟಾಪ್ ಬಿಚ್ಚಿಟ್ಕೊಂಡು ಕೂತಿದ್ರು, ಇವ್ನು ಮಧ್ಯೆ ಮಧ್ಯೆ ಎದ್ದು ಹೋಗಿ ನೋಡ್ಕೊಂಡು ಬರ್ತಿದ್ದ. ಅವತ್ತಿನ ನಿಯಮದ ಪ್ರಕಾರ ಅವನ ಗೆಲುವು ಗೆಲುವೇ, ಯಾರೂ ಕಿತ್ಕೊಳ್ಳಲಿಲ್ಲ, ಆದ್ರೆ ಮುಂದಿನ ವರ್ಷಕ್ಕೆ ನಿಯಮ ಬಿಗಿ ಮಾಡಿದ್ರು. ಬೀಡಿ ಹೋಗಿ ಲ್ಯಾಪ್‌ಟಾಪ್ ಬಂತು ಎಕ್ಕಣ್ಣ ಅಷ್ಟೇ ವ್ಯತ್ಯಾಸ.

ಕನ್ನಡಿಗ_1956
ಇದೆಲ್ಲ ಸರಿ, ವಿಷಯ ಎಲ್ಲಿಗೋ ಹೋಯ್ತು. ಭಾಷೆ ಗೊತ್ತಿಲ್ದೇ ಇರೋನಿಗೆ ಏನ್ ಮಾಡ್ಬೇಕು? ನಮ್ಮ ಹಳ್ಳಿ ಹುಡ್ಗ ಒಬ್ಬ ಇಂಗ್ಲಿಷ್ ಬರ್ದೇ ಹೋದ್ರೆ ಆಡ್ಬಾರ್ದಾ?

ಚಿಪ್_ಮತ್ತು_ಚೇರ್
ಆಡ್ಬೋದು, ಬಾಯೇ ಬಿಡದೆ ಆಡ್ಬೋದು. ಚಿಪ್ ಮುಂದೆ ತಳ್ಳಿದ್ರೆ ಬೆಟ್, ಟೇಬಲ್ ತಟ್ಟಿದ್ರೆ ಚೆಕ್, ಎದುರಿಗೆ ಬೆಟ್ ಇದ್ದಾಗ ಒಂದೇ ಒಂದು ದೊಡ್ಡ ಚಿಪ್ ಏನೂ ಹೇಳ್ದೇ ಹಾಕಿದ್ರೆ ಅದು ಕಾಲ್, ಬೆಟ್ ಏರಿಸೋ ರೇಜ್ ಅಲ್ಲ, ಇದೊಂದು ಗೊತ್ತಿಲ್ದೇ ಹೊಸಬ್ರು ಏಟು ತಿಂತಾರೆ. ಎರಡು ಸಲ ಚಿಪ್ ಎತ್ತಿ ಹಾಕೋಹಂಗಿಲ್ಲ. ಮಧ್ಯದ ಚಿಪ್ ರಾಶಿ ಅಂದ್ರೆ ಪಾಟ್ ಮೇಲೆ ಚೆಲ್ಲೋಹಂಗಿಲ್ಲ. ದೊಡ್ಡ ಚಿಪ್ ಮುಂದೆ ಕಾಣೋಹಂಗೆ ಇಟ್ಕೊಳ್ಳಿ. ಇಷ್ಟಕ್ಕೆ ಭಾಷೆ ಬೇಕಾಗಲ್ಲ.

ಆದ್ರೆ ಭಾಷೆ ಬರಲ್ಲ ಅನ್ನೋದನ್ನೇ ಆಯುಧ ಮಾಡ್ಕೊಂಡೋರೂ ಇದಾರೆ. 2011, ಮ್ಯಾಡ್ರಿಡ್, ಯುರೋಪಿಯನ್ ಪೋಕರ್ ಟೂರ್ ಗ್ರ್ಯಾಂಡ್ ಫೈನಲ್. ವೆನಿಜುವೆಲಾದ ಇವಾನ್ ಫ್ರೈಟೆಸ್ ಕೈಲಿ ಫುಲ್ ಹೌಸ್, ತುಂಬ ದೊಡ್ಡ ಎಲೆ, ರಿವರ್‌ನಲ್ಲಿ ಎದುರಿನವ್ನು ಬೆಟ್ ಮಾಡಿದ್ದಾನೆ, ಇವ್ನು ಬಾಯ್ತುಂಬ ರೇಜ್ ಅಂದು ಕಾಲ್ ಮಾಡೋವಷ್ಟೇ ಚಿಪ್ ಹಾಕಿ, ಅಯ್ಯೋ ನಾನು ಕಾಲ್ ಅಂದಿದ್ದು ಅಂತ ಗಾಬರಿ ನಾಟಕ. ಬಾಯಲ್ಲಿ ಹೇಳಿದ್ದು ಹೇಳಿದ್ದೇ, ಡೈರೆಕ್ಟರ್ ಬಂದು ಕನಿಷ್ಠ ರೇಜ್ ಕಟ್ಟಲೇಬೇಕು ಅಂದ, ಜೊತೆಗೆ ಇವ್ನು ಇದನ್ನ ಮುಂಚೆನೂ ಮಾಡಿದಾನೆ ಅಂತ ಟೇಬಲ್ ಮುಂದೇನೇ ಎಚ್ಚರಿಸ್ದ. ಆದ್ರೂ ಎದುರಿನವ್ನು ಪಾಪ ಇವ್ನು ತಪ್ಪಿ ಅಂದಿರ್ಬೇಕು ಅಂತ ಕಾಲ್ ಮಾಡ್ದ. ಆ ಟೂರ್ನಮೆಂಟ್ ಗೆದ್ದಿದ್ದೂ ಫ್ರೈಟೆಸ್ಸೇ, 15 ಲಕ್ಷ ಯೂರೋ. ನಿಯಮ ಮುರೀಲಿಲ್ಲ ನೋಡಿ ಅವ್ನು, ನಿಯಮದ ಅಂಚಲ್ಲಿ ನಿಂತು ಎದುರಿನವ್ನ ಒಳ್ಳೆತನವನ್ನ ದೋಚಿದ. ಇದಕ್ಕೆ ಆಂಗಲ್ ಶೂಟಿಂಗ್ ಅಂತಾರೆ, ನಂಗೆ ಕನ್ನಡದಲ್ಲಿ ಶಕುನಿ ಬುದ್ಧಿ ಅನ್ನೋದಕ್ಕಿಂತ ಒಳ್ಳೇ ಮಾತು ಹೊಳೀತಿಲ್ಲ.

ರಾಣಿ_ಜೋಡಿ
ಸ್ಲೋ ರೋಲ್ ಬಗ್ಗೆನೂ ಯಾರಾದ್ರೂ ಬರೀರಿ. ಗೆದ್ದಿರೋ ಎಲೆ ಇಟ್ಕೊಂಡು ಮೂರು ನಿಮಿಷ ತಲೆ ಕೆರ್ಕೊಳ್ಳೋದು, ಎದುರಿನವ್ನಿಗೆ ಆಸೆ ಹುಟ್ಟಿಸಿ ಆಮೇಲೆ ಕಾಲ್ ಅಂದು ಒಂದೊಂದೇ ಎಲೆ ತೆರೆಯೋದು. ಮನೆ ಆಟದಲ್ಲಿ ಕಸಿನ್‌ಗೆ ಮಾಡಿದ್ರೆ ನಗು, ಟೂರ್ನಮೆಂಟ್‌ನಲ್ಲಿ ಎಲ್ಲ ಚಿಪ್ ಇಟ್ಟು ಎದೆ ಹೊಡ್ಕೊಳ್ತಿರೋ ಅಪರಿಚಿತನಿಗೆ ಮಾಡಿದ್ರೆ ಅದು ಕ್ರೌರ್ಯ.

ಕಾರವಾರದ_ಹುಡುಗ
ಎಲ್ರೂ ಆಲ್-ಇನ್ ಆಗಿ ಆಟ ಮುಗಿದ್ರೆ ನಾವೇ ಎಲೆ ತೆರೆಸ್ತೇವೆ ಮೇಡಂ, ಟೂರ್ನಮೆಂಟ್‌ನಲ್ಲಿ ತಡ ಮಾಡೋ ಹಾಗಿಲ್ಲ. ಕಾಲ್ ಹೇಳೋಕೆ ಮುಂಚೆ ಎಳೆಯೋದನ್ನ ಮಾತ್ರ ನಾವು ತಡೆಯೋಕಾಗಲ್ಲ, ಯಾರಾದ್ರೂ ಕ್ಲಾಕ್ ಕೇಳ್ಬೇಕು, ಕೇಳಿದ್ಮೇಲೆ 25 ಸೆಕೆಂಡು, ಆಮೇಲೆ 5 ಎಣಿಕೆ, ಮುಗೀತು. ಬಬಲ್, ಅಂದ್ರೆ ದುಡ್ಡು ಸಿಗೋ ಗೆರೆ, ಹತ್ರ ಬಂದಾಗ ನೋಡ್ಬೇಕು, ಎರಡು-ಏಳರಂಥ ಕೆಟ್ಟ ಎಲೆ ಇಟ್ಕೊಂಡವ್ನೂ ಐನ್‌ಸ್ಟೀನ್ ಹಾಗೆ ಯೋಚನೆ ಮಾಡ್ತಾನೆ.

ಸ್ಯಾನ್‌ಹೊಸೆ_ಸೀನ
ರಾಜ ಅವ್ರು ಮಾಯ ಆಗ್ಬಿಟ್ರು. ಸ್ವಾಮಿ ಆ ಹ್ಯಾಂಡಲ್ಲಿ ನಿಮ್ಮ ಎಲೆ ಏನಿತ್ತು, ಬೋರ್ಡ್ ಅಂದ್ರೆ ಟೇಬಲ್ ಮೇಲೆ ಬಿದ್ದ ಎಲೆ ಏನು? ಅಷ್ಟು ಹೇಳಿ ಸಾಕು.

ರಿವರ್_ರಾಜ
ಆಟೀನ್ ಎಕ್ಕ, ಆಟೀನ್ ರಾಜ. ಬೋರ್ಡು ಆಟೀನ್ ರಾಣಿ, ಆಟೀನ್ ಎಂಟು, ಕ್ಲಾವರ್ ಮೂರು, ಟರ್ನ್ ಅಂದ್ರೆ ನಾಲ್ಕನೇ ಎಲೆ ಆಟೀನ್ ಐದು, ರಿವರ್ ಇಸ್ಪೀಟ್ ಹತ್ತು.

ಚಿಪ್_ಮತ್ತು_ಚೇರ್
ಒಂದ್ನಿಮಿಷ. ಟರ್ನ್‌ನಲ್ಲೇ ನಿಮ್ಗೆ ಫ್ಲಶ್ ಆಯ್ತು, ಐದೂ ಆಟೀನು, ಎಕ್ಕದ ಫ್ಲಶ್, ಬೋರ್ಡಲ್ಲಿ ಜೋಡಿ ಇಲ್ಲ, ಅಂದ್ರೆ ಅದಕ್ಕಿಂತ ದೊಡ್ಡ ಎಲೆ ಜಗತ್ತಲ್ಲೇ ಇಲ್ಲ. ಬಟನ್ ನಿಮ್ದು, ಕೊನೇ ಮಾತು ನಿಮ್ದು. ದೋಸ್ತು ಚೆಕ್ ಮಾಡ್ದ. ನೀವು ರಿವರ್‌ನಲ್ಲಿ ಏನ್ ಮಾಡಿದ್ರಿ?

ರಿವರ್_ರಾಜ
ಚೆಕ್. ನಮ್ಮಿಬ್ರ ಮಧ್ಯದ ಸೈಡ್ ಪಾಟ್ ಖಾಲಿ ಇತ್ತು, ಅಂಕಲ್ ಔಟ್ ಆಗೋದು ಮುಖ್ಯ ಅಲ್ವಾ ಬಬಲ್ ಹತ್ರ? ಇಬ್ರು ಇದ್ರೆ ಒಬ್ಬನನ್ನ ತೆಗೆಯೋ ಚಾನ್ಸ್ ಜಾಸ್ತಿ, ಇದು ಎಲ್ರೂ ಮಾಡೋದೇ.

ಚಿಪ್_ಮತ್ತು_ಚೇರ್
ಅದು ಎಲ್ರೂ ಮಾಡೋದು ನಿಜ, ಮಾತಾಡದೇ ಮಾಡೋದು. ಮಾತಾಡಿ ಒಪ್ಪಂದ ಮಾಡ್ಕೊಂಡ್ರೆ ಅದು ಕೂಟ. ಮತ್ತೆ ಆ ಲೆಕ್ಕ ನಿಮ್ಮ ಎಲೆಗೆ ಕೂರಲ್ಲ. ಅತಿ ದೊಡ್ಡ ಎಲೆ ನಿಮ್ಮ ಕೈಲೇ ಇದ್ದ ಮೇಲೆ ಅಂಕಲ್ ಸತ್ತಾಯ್ತು, ದೋಸ್ತು ಇದ್ರೂ ಅಷ್ಟೇ ಫೋಲ್ಡ್ ಮಾಡಿದ್ರೂ ಅಷ್ಟೇ. ಬೆಟ್ ಹಾಕಿದ್ರೆ ನಿಮ್ಗೆ ಒಂದು ರೂಪಾಯಿ ಅಪಾಯ ಇಲ್ಲ. ಹಾಕ್ದೇ ಇದ್ರೆ ಉಳಿಯೋದು ಒಂದೇ, ದೋಸ್ತಿನ ಚಿಪ್ಪು. ಅತಿ ದೊಡ್ಡ ಎಲೆ ಇಟ್ಕೊಂಡು ಕೊನೇಲಿ ಚೆಕ್ ಮಾಡಿದ ತಕ್ಷಣ ತಪ್ಪು ಅಂತ ಟಿಡಿಎನೂ ಹೇಳಲ್ಲ, ಕೆಲವು ಸಲ ಜನ ಎಲೆ ಸರಿಯಾಗಿ ಓದಿರಲ್ಲ, ಸಂದರ್ಭ ನೋಡಿ ಅನ್ನತ್ತೆ. ಸಂದರ್ಭ ಫ್ಲೋರ್ ಮ್ಯಾನೇಜರ್ ಪಕ್ಕದಲ್ಲೇ ನಿಂತು ನೋಡಿದಾನೆ. ಒಂದು ರೌಂಡಿಗೆ ಬಿಟ್ಟಿದ್ದು ನಿಮ್ಮ ಪುಣ್ಯ.

(ಎಕ್ಕ-ರಾಜ ಒಂದೇ ಜಾತಿ ಇಟ್ಕೊಂಡು ಪ್ರೀಫ್ಲಾಪ್‌ನಲ್ಲಿ ರೀರೈಸ್ ಮಾಡ್ದೇ ಬರೀ ಕಾಲ್ ಮಾಡಿದ್ದು ಇನ್ನೊಂದು ಪಾಪ, ಅದನ್ನ ಬೇರೆ ದಿನ ಬೈತೀನಿ.)

ಕನ್ನಡಿಗ_1956
ಓಹೋ ಕಥೆ ಹೀಗಿದೆ. ನಾನು ಸುಮ್ನೆ ಬಾವುಟ ಹಿಡ್ಕೊಂಡು ಬಂದ್ನಲ್ಲಪ್ಪ.

ಹುಬ್ಳಿ_ಹುಲಿ
ನಮಸ್ಕಾರ್ರೀ ಎಲ್ಲಾರ್ಗೂ, ಆ ದೋಸ್ತ ಅಂದ್ರ ನಾನs. ಇವಾ ಇಲ್ಲಿ ಹಿಂಗ ಬರದಾನಂತ ನನಗ ಇವತ್ತ ಮುಂಜಾನಿ ಗೊತ್ತಾತು, ಓದಿ ಚಾ ಆರಿ ಹೋತು. ಊಟದ ವಿಷಯ ಅಂತ! ಲೇ ರಾಜಾ, ನಾ ಅಂದದ್ದು ಏನ ಅಂದ್ರ, "ಬೆಟ್ ಬ್ಯಾಡ, ಇಬ್ರೂ ಚೆಕ್ ಮಾಡ್ಕೋತ ಹೋಗೂಣು, ಕಾಕಾ ಹೊರಗ ಬೀಳ್ಲಿ". ತಪ್ಪು ನಂದs ಐತಿ, ಮೊದಲ ಬಾಯಿ ಬಿಟ್ಟಾವ ನಾ. ಆವಾಗ ನನಗ ಅದು ತಪ್ಪ ಅಂತ ಅನ್ನಿಸ್ಲೇ ಇಲ್ಲ, ಮನ್ಯಾಗ ಆಡಿದ್ಹಂಗ ಬಾಯಿಗೆ ಬಂತು. ನನ್ನ ಕಡೆ ಕ್ಲಾವರ್ ರಾಣಿ-ಗುಲಾಮ ಇತ್ತು, ಇವಾ ರಿವರ್‌ನ್ಯಾಗ 30 ಸಾವಿರ ತಳ್ಳಿದ್ರ ನಾ ಕಣ್ಣ ಮುಚ್ಚಿ ಕಾಲ್ ಮಾಡ್ತಿದ್ದೆ. ಇವಾ 24ನೇದಾಂವ ಆಗಿ ಹೋದ, ನಾ 15ರ ಮಟಾ ಹೋದೆ. ಆ ಮ್ಯಾಲಿಂದ ರೊಕ್ಕ ಇವನ ಎಲಿಯಿಂದ ಬಂದದ್ದು, ಅದು ಯಾರದರೆ ಬ್ಯಾರೆಯವರ ಪಾಲು ಅಂತ ಮ್ಯಾಲೆ ಚಿಪ್ ಅಣ್ಣಾವ್ರು ಬರದಾರಲ್ಲ, ಅದನ್ನ ಓದಿದ ಮ್ಯಾಲೆ ಚಾ ಆರಿದ್ದು.

ಇವಾ ಬರೀದ ಇದ್ದದ್ದು ಇನ್ನೊಂದೈತಿ. ಫ್ಲೋರ್‌ನಾಂವ ಬಂದು ಏನ್ ಮಾತಾಡಿದ್ರಿ ಅಂತ ಇಂಗ್ಲಿಷ್‌ನ್ಯಾಗ ಕೇಳಿದ, ರಾಜಾ ಡಿನ್ನರ್ ಅಂದ. ಕಾಕಾ ನಮ್ಮ ಎದುರಿಗೇ ಕುಂತಿದ್ರು, ಏನೂ ಅನ್ಲಿಲ್ಲ. ಎಲಿ ತೆರದ್ರು, ಇಸ್ಪೀಟ್ ಎಕ್ಕ-ಒಂಬತ್ತು ಅವರ್ದು, ಹೋದ್ರು. ಎದ್ದು ನಿಂತು ಜಾಕೀಟು ಹಾಕ್ಕೊಂಡು, ಡೀಲರ್‌ಗೆ ಥ್ಯಾಂಕ್ಯೂ ಅಂದು, ನಮ್ಮಿಬ್ರಿಗೂ ಕೈ ಕೊಟ್ಟು, ನನ್ನ ಕೈ ಹಿಡಕೊಂಡs ಅಂದ್ರು, "ಚೊಲೊ ಆಡಿದ್ರೆಪಾ, ಇಬ್ರೂ ಕೂಡೆ".

ಕನ್ನಡದಾಗ.

ಹುಟ್ಟಿದ್ದು ಸೋಲಾಪುರ ಅಂತ, ಮನಿ ಮಾತು ಕನ್ನಡ. ಪುಣೆದಾಗ ನೌಕರಿ ಅಷ್ಟs. ಫ್ಲೋರ್‌ನಾಂವ ಬಾಜೂಕs ನಿಂತಿದ್ದ, ಕಾಕಾ ಒಂದ ಮಾತ ಹೇಳಿದ್ರ ನಾವಿಬ್ರೂ ಡಿಸ್‌ಕ್ವಾಲಿಫೈ, ಅವರ ಹ್ಯಾಂಡಿನ ಕತಿನೂ ಬ್ಯಾರೆ ಆಗ್ತಿತ್ತೇನೋ. ಹೇಳ್ಲಿಲ್ಲ. ರಾಜಾಗ ಅದು ಕೇಳಿಸೈತಿ, ಮುಖ ನೋಡೀನಿ ನಾ.

ರಾಣಿ_ಜೋಡಿ
😶

ಮಂಡ್ಯ_ಎಕ್ಕ
ಥೂ, ಆ ಅಂಕಲ್ ಬೈದಿದ್ರೆ ವಾಸಿ ಇತ್ತು.

ಕಾರವಾರದ_ಹುಡುಗ
ನಾನಾಗಿದ್ರೆ ಹೇಳ್ತಿದ್ದೆ ಅವ್ರ ಜಾಗದಲ್ಲಿ. ಹೇಳೋದೇ ಸರಿ ಕೂಡ. ನಿಮ್ಮಿಬ್ರನ್ನ ಬಿಟ್ಟು ಅವ್ರೂ ಸಾಫ್ಟ್ ಪ್ಲೇ ಮಾಡಿದ ಹಾಗೇ ಆಯ್ತಲ್ಲ, ಮಿಕ್ಕ 26 ಜನಕ್ಕೆ? ಆದ್ರೂ ಥ್ಯಾಂಕ್ಯೂ ಹೇಳಿ ಹೋದ್ರಲ್ಲ ಡೀಲರ್‌ಗೆ, ಅಂಥವ್ರು ನಂಗೆ ತಿಂಗಳಿಗೆ ಒಬ್ರು ಸಿಕ್ಕಿದ್ರೆ ಹೆಚ್ಚು.

ರಿವರ್_ರಾಜ
ಸರಿ. ಕೇಳಿಸ್ತು ನಂಗೆ ಅವತ್ತು. ಅದಕ್ಕೇ ಭಾಷೆ ವಿಷಯ ಹಿಡ್ಕೊಂಡೆ ಅನ್ಸತ್ತೆ, 20 ಸಾವಿರ ಚಿಪ್ಪಿನ ಹೊಟ್ಟೆಉರಿ ಒಂದು ಕಡೆ, ಅದು ಇನ್ನೊಂದು ಕಡೆ. ಡೆಲ್ಲಿ ಹುಡುಗ್ರು ಹಿಂದಿ ಮಾತಾಡಿದ್ದೂ ಫೋಲ್ಡ್ ಮಾಡ್ಮೇಲೇನೇ, ಬೋರ್ಡಲ್ಲಿ ಇಂಗ್ಲಿಷ್ ಹಿಂದಿ ಎರಡೂ ಬರ್ದಿತ್ತು. ಚಿಪ್ ಸರ್ ಕೇಳಿದಾಗ್ಲೇ ಹೇಳ್ಬೇಕಿತ್ತು. ಕಂಪ್ಲೇಂಟ್ ಗಿಂಪ್ಲೇಂಟ್ ಏನೂ ಇಲ್ಲ ಬಿಡಿ.

ಹುಲಿ, ಅಂಕಲ್ ನಂಬರ್ ಇಸ್ಕೊಂಡಿದೀಯಾ?

ಹುಬ್ಳಿ_ಹುಲಿ
ಇಲ್ಲಪಾ, ಯಾವ ಮುಖಾ ಇಟ್ಕೊಂಡು ಕೇಳ್ಲಿ. ಮುಂದಿನ ತಿಂಗಳೂ ಬರ್ತಾರಂತ, ಕೌಂಟರ್‌ನ್ಯಾಗ ಹೆಸರು ಬರಸ್ಲಿಕ್ಕತ್ತಿದ್ರು, ಅಷ್ಟು ಕೇಳ್ಸಿತು. ನಾನೂ ಬಸ್ ಬುಕ್ ಮಾಡೀನಿ, ನೀ ಬಾ ಬೇಕಾದ್ರ. ಸೀಟು ಮಾತ್ರ ಬ್ಯಾರೆ ಬ್ಯಾರೆ ತೊಗೊಂಡೀನಿ, ಹನ್ನೊಂದು ಮತ್ತ ಮೂವತ್ತೆರಡು.